ಒಂದು ಗಿಡ ಕಿತ್ತು ಬೇರು ನೋಡಿ

ಮುಂಗಾರು ಬಿತ್ತನೆ ಮುಗಿದು ಎಡೆಕುಂಟೆ ಹೊಡೆಯುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಯೂರಿಯಾದ ಮಾತು. ಸೊಸೈಟಿಗೆ ಲೋಡು ಬಂತೇ, ತಲೆಗೆ ಎಷ್ಟು ಚೀಲ, ಸರದಿ ಎಲ್ಲಿಯವರೆಗೆ ಇದೆ? ಆ ಚೀಲದಿಂದ ಬೆಳೆಗೆ ಸಿಗಬೇಕಾದದ್ದು ಸಾರಜನಕ. 45 ಕಿಲೋ ಯೂರಿಯಾ ಚೀಲದಲ್ಲಿ ಅದು 21 ಕಿಲೋಗಿಂತ ಒಂದಿಷ್ಟು ಕಡಿಮೆ. ಇದೇ ಸಾರಜನಕ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಇದೆ. ಒಂದು ಎಕರೆ ಹೊಲದ ಮೇಲೆ ನೆಲದಿಂದ ಬಾನಿನವರೆಗೆ ನಿಂತಿರುವ ಗಾಳಿಯನ್ನು ತೂಗಲು ಬಂದಿದ್ದರೆ, ಅದರಲ್ಲಿ ಸಾರಜನಕವೇ 30,000 ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅಷ್ಟರ ನಡುವೆ ನಿಂತಿದ್ದರೂ ಸಾರಜನಕ ಸಾಲದೆ ರಾಗಿ ಪೈರು ಹಳದಿಗೆ ತಿರುಗುತ್ತದೆ.

ಇದಕ್ಕೆ ಕಾರಣವಿದೆ. ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಎರಡೆರಡಾಗಿ ಜೋಡಿಗೊಂಡಿರುತ್ತವೆ. ಆ ಜೋಡಿಯನ್ನು ಹಿಡಿದಿಟ್ಟಿರುವುದು ಮೂರೆಳೆಯ ಬಂಧ. ರಸಾಯನಶಾಸ್ತ್ರ ಬಲ್ಲ ಬಂಧಗಳಲ್ಲಿ ಬಹಳ ಬಲವಾದವುಗಳ ಸಾಲಿಗೆ ಅದು ಸೇರುತ್ತದೆ. ಗಿಡದ ಬೇರಾಗಲಿ ಎಲೆಯಾಗಲಿ ಅದನ್ನು ಮುರಿಯಲಾರವು. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಅದನ್ನು ಮುರಿದು ಅಮೋನಿಯ ಮಾಡುವ ದಾರಿಯನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು 1913ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಇಂದಿಗೂ ಯೂರಿಯಾಕ್ಕೆ ಬೇಕಾದ ಅಮೋನಿಯ ತಯಾರಾಗುವುದು ಆ ದಾರಿಯಲ್ಲೇ. ಅದಕ್ಕೆ 400ರಿಂದ 500 ಡಿಗ್ರಿ ಶಾಖ ಬೇಕು, ನಮ್ಮ ಸುತ್ತಲಿನ ಗಾಳಿಯ ನೂರೈವತ್ತು ಇನ್ನೂರು ಪಟ್ಟು ಒತ್ತಡ ಬೇಕು, ರಾಶಿ ರಾಶಿ ನೈಸರ್ಗಿಕ ಅನಿಲ ಬೇಕು. ನಮ್ಮ ದೇಶ ಆ ಅನಿಲದಲ್ಲಿ ದೊಡ್ಡ ಪಾಲನ್ನು ಹೊರಗಿನಿಂದ ಕೊಂಡು ತರುತ್ತದೆ.

ಇದೇ ಕೆಲಸವನ್ನು ನಿಮ್ಮ ಹೊಲದ ಮಣ್ಣಿನಲ್ಲಿ, ಆ ಮಣ್ಣಿನ ಬಿಸಿಯಲ್ಲೇ, ಕಣ್ಣಿಗೆ ಕಾಣದ ಕೆಲವು ಬ್ಯಾಕ್ಟೀರಿಯಾಗಳು ಮಾಡುತ್ತವೆ. ಇಂದು ನಾನು ಮಾತನಾಡಬೇಕೆಂದಿರುವುದು ಅವುಗಳ ಬಗ್ಗೆ. ಅವು ಜೀವಿಗಳು. ಅವಕ್ಕೆ ಹಸಿವು, ಬಾಯಾರಿಕೆ, ಸಾವು ಎಲ್ಲವೂ ಇವೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಅವು ನೆರವಾಗುತ್ತವೆ. ಪೊಟ್ಟಣದಲ್ಲಿ ಬರುವ ಇನ್ನೊಂದು ಗೊಬ್ಬರ ಎಂದುಕೊಂಡವರಿಗೆ ನಿರಾಶೆಯೇ ಗತಿ.

ಬೇಳೆಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಹುಲುಸಾಗಿ ಬರುತ್ತದೆ ಎಂಬುದು ರೈತರಿಗೆ ಹೊಸತಲ್ಲ. ಅದು ಏಕೆಂದು ತಿಳಿದದ್ದು ಮಾತ್ರ ಈಚೆಗೆ. ಜರ್ಮನಿಯ ಹರ್ಮನ್ ಹೆಲ್‌ರೀಗಲ್ ಮತ್ತು ಹರ್ಮನ್ ವಿಲ್‌ಫಾರ್ಟ್ ಎಂಬಿಬ್ಬರು ಕುಂಡಗಳಲ್ಲಿ ಶುದ್ಧ ಮರಳು ತುಂಬಿ ಓಟ್ಸ್ ಮತ್ತು ಬಟಾಣಿ ಬೆಳೆಸಿ ನೋಡಿದರು. ಮರಳಿಗೆ ಎಷ್ಟು ಸಾರಜನಕ ಹಾಕಿದರೆ ಓಟ್ಸ್ ಅಷ್ಟೇ ಬೆಳೆಯಿತು. ಬಟಾಣಿಯ ಲೆಕ್ಕ ಮಾತ್ರ ಕೂಡಲಿಲ್ಲ. ಸಾರಜನಕ ಹಾಕದ ಕೆಲವು ಕುಂಡಗಳಲ್ಲಿ ಅದು ಸೊರಗಿತು, ಕೆಲವುಗಳಲ್ಲಿ ಸೊಂಪಾಗಿ ಬೆಳೆಯಿತು. ಸೊಂಪಾದ ಗಿಡಗಳ ಬೇರಿನಲ್ಲಿ ಗಂಟುಗಳಿದ್ದವು. ಆಗ ಅವರು ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ, ಆ ತಿಳಿಯನ್ನು ಸೊರಗಿದ ಗಿಡಗಳಿಗೆ ಎರೆದರು. ಬೇರಿನಲ್ಲಿ ಗಂಟು ಕಟ್ಟಿತು, ಗಿಡ ಹಸಿರಾಯಿತು. ಅದೇ ತಿಳಿಯನ್ನು ಕಾಯಿಸಿ ಆರಿಸಿ ಎರೆದರೆ ಏನೂ ಆಗಲಿಲ್ಲ. ಅಂದರೆ ಕೆಲಸ ಮಾಡುತ್ತಿದ್ದದ್ದು ಮಣ್ಣಿನ ಯಾವುದೋ ಲವಣವಾಗಿರಲಿಲ್ಲ, ಕಾಯಿಸಿದರೆ ಸಾಯುವಂಥ ಯಾವುದೋ ಜೀವಿ. 1886ರಲ್ಲಿ ಅವರು ಇದನ್ನು ಬರ್ಲಿನ್ನಿನ ವಿಜ್ಞಾನಿಗಳ ಸಭೆಯಲ್ಲಿ ತಿಳಿಸಿದರು. ಎರಡು ವರ್ಷಗಳ ನಂತರ ಹಾಲೆಂಡಿನ ಮಾರ್ಟಿನಸ್ ಬೈಜರಿಂಕ್ ಆ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಇಂದು ನಾವು ರೈಜೋಬಿಯಂ ಎಂದು ಕರೆಯುವುದು ಆ ಬಳಗವನ್ನು. 1896ರ ಹೊತ್ತಿಗೆ ಜರ್ಮನಿಯಲ್ಲಿ ಅದು ಮಾರಾಟಕ್ಕೂ ಬಂತು. ನಮ್ಮ ದೇಶದಲ್ಲಿ ಎನ್.ವಿ. ಜೋಷಿ ಅವರು 1920ರಲ್ಲಿ ಇದರ ಅಧ್ಯಯನಕ್ಕೆ ಬುನಾದಿ ಹಾಕಿದರು.

ಗಂಟು ಕಟ್ಟುವ ಬಗೆ ಸೋಜಿಗದ್ದು. ಮೊಳೆತ ತೊಗರಿಯೋ ಶೇಂಗಾವೋ ತನ್ನ ಬೇರಿನಿಂದ ಕೆಲವು ರಸಗಳನ್ನು ಮಣ್ಣಿಗೆ ಬಿಡುತ್ತದೆ. ಅದರ ಸುಳಿವು ಹಿಡಿದ ಬ್ಯಾಕ್ಟೀರಿಯಾ ಇನ್ನೊಂದು ರಸವನ್ನು ಬಿಟ್ಟು ಉತ್ತರ ಕೊಡುತ್ತದೆ. ಬೆಳೆಗೂ ಬ್ಯಾಕ್ಟೀರಿಯಾಕ್ಕೂ ಹೊಂದಿಕೆಯಾದರೆ ಮಾತ್ರ ಬೇರು ಒಳಗೆ ದಾರಿ ಬಿಡುತ್ತದೆ. ಸೋಯಾ ಅವರೆಯಂಥ ಗಿಡಗಳಲ್ಲಿ ಬೇರಿನ ರೋಮ ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಅಲ್ಲಿ ಗಂಟು ಬೆಳೆಯುತ್ತದೆ, ಅದರೊಳಗೆ ಬ್ಯಾಕ್ಟೀರಿಯಾಗಳು ಲಕ್ಷಗಟ್ಟಲೆ ಹೆಚ್ಚುತ್ತವೆ. ಗಿಡ ಎಲೆಯಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಅವಕ್ಕೆ ಕಳಿಸುತ್ತದೆ. ಅವು ಗಾಳಿಯ ಸಾರಜನಕವನ್ನು ಅಮೋನಿಯವಾಗಿಸಿ ಗಿಡಕ್ಕೆ ಕೊಡುತ್ತವೆ. ಈ ವ್ಯವಹಾರ ಗಿಡಕ್ಕೆ ಅಗ್ಗದ್ದೇನಲ್ಲ. ಒಂದು ಗ್ರಾಂ ಸಾರಜನಕ ಪಡೆಯಲು ಅದು ಸುಮಾರು ಆರೇಳು ಗ್ರಾಂ ಇಂಗಾಲವನ್ನು ವೆಚ್ಚ ಮಾಡುತ್ತದೆ.

ಸಾರಜನಕದ ಜೋಡಿಯನ್ನು ಮುರಿಯುವ ಕಿಣ್ವದ ಹೆಸರು ನೈಟ್ರೋಜಿನೇಸ್. ಅದರ ತಿರುಳಿನಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ ಇವೆ. ಆಮ್ಲಜನಕ ತಾಕಿದರೆ ಆ ಕಿಣ್ವ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕೋ ಉಸಿರಾಟಕ್ಕೆ ಆಮ್ಲಜನಕ ಬೇಕು. ಈ ಇಕ್ಕಟ್ಟಿಗೆ ಗಿಡವೇ ಪರಿಹಾರ ಕಂಡುಕೊಂಡಿದೆ. ಗಂಟಿನೊಳಗೆ ಅದು ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಬಣ್ಣದ ಪದಾರ್ಥವನ್ನು ತಯಾರಿಸುತ್ತದೆ. ನಮ್ಮ ರಕ್ತವನ್ನು ಕೆಂಪಾಗಿಸಿರುವ ಹಿಮೋಗ್ಲೋಬಿನ್ನಿನ ಬಂಧು ಅದು. ಆಮ್ಲಜನಕವನ್ನು ಹಿಡಿದುಕೊಂಡು ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಎಷ್ಟು ಬೇಕೋ ಅಷ್ಟನ್ನೇ ತಲುಪಿಸುತ್ತದೆ, ಕಿಣ್ವಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳುತ್ತದೆ.

ಈ ಕೆಂಪು ಬಣ್ಣವೇ ರೈತನಿಗೆ ದೊಡ್ಡ ಅನುಕೂಲ. ಯಾವ ಪ್ರಯೋಗಾಲಯವೂ ಇಲ್ಲದೆ ನಿಮ್ಮ ಹೊಲದಲ್ಲಿ ಸಾರಜನಕದ ಕೆಲಸ ನಡೆಯುತ್ತಿದೆಯೇ ಇಲ್ಲವೇ ಎಂದು ನೀವೇ ನೋಡಬಹುದು. ಬಿತ್ತಿ ಮೂವತ್ತೈದು ನಲವತ್ತು ದಿನವಾದ ಮೇಲೆ, ಹೂ ಬಿಡುವ ಹೊತ್ತಿಗೆ, ಹೊಲದ ನಾಲ್ಕಾರು ಕಡೆ ಒಂದೊಂದು ಗಿಡ ತೆಗೆಯಿರಿ. ಕೈಯಿಂದ ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಗುದ್ದಲಿಯಿಂದ ಬುಡದ ಸುತ್ತ ಅಗೆದು ಹೆಂಟೆಸಹಿತ ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಿ ತೊಳೆಯಿರಿ. ದಪ್ಪ ಗಂಟೊಂದನ್ನು ಉಗುರಿನಿಂದ ಸೀಳಿ ಒಳಗೆ ನೋಡಿ. ಕೆಂಪೋ ಗುಲಾಬಿಯೋ ಇದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗಿದ್ದರೆ ಗಂಟು ಇನ್ನೂ ಎಳೆಯದಾಗಿರಬೇಕು, ಇಲ್ಲವೇ ಒಳಗಿರುವ ಬ್ಯಾಕ್ಟೀರಿಯಾ ಕೆಲಸಕ್ಕೆ ಬಾರದ್ದು. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕಾಲ ಮುಗಿದಿದೆ.

ಇಲ್ಲಿ ಒಂದು ಎಚ್ಚರಿಕೆ. ಬೇರಿನ ಮೇಲಿನ ಎಲ್ಲ ಗಂಟುಗಳೂ ಒಳ್ಳೆಯವಲ್ಲ. ಜಂತುಹುಳು ಬಿದ್ದರೂ, ನೆಮಟೋಡ್ ಎನ್ನುತ್ತಾರಲ್ಲ, ಅದರಿಂದಲೂ ಬೇರು ಗಂಟುಗಂಟಾಗುತ್ತದೆ. ಎರಡನ್ನೂ ಗುರುತಿಸುವುದು ಸುಲಭ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ತಳ್ಳಿದರೆ ಬಿಡಿಸಿಕೊಂಡು ಬರುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಹೋದರೆ ಬೇರು ತುಂಡಾಗುತ್ತದೆ.

ಇನ್ನು ಗಂಟೇ ಇಲ್ಲದಿದ್ದರೆ? ಮೊದಲು ನೋಡಬೇಕಾದದ್ದು ನಾವು ಹಾಕಿದ ಯೂರಿಯಾವನ್ನು. ಮಣ್ಣಿನಲ್ಲಿ ಸಾರಜನಕ ಸಿದ್ಧವಾಗಿ ಸಿಕ್ಕಿದರೆ ಗಿಡ ಸಕ್ಕರೆ ವೆಚ್ಚಮಾಡಿ ಬ್ಯಾಕ್ಟೀರಿಯಾವನ್ನು ಸಾಕುವ ಗೋಜಿಗೆ ಹೋಗುವುದಿಲ್ಲ. ಗಂಟು ಕಟ್ಟುವುದನ್ನೇ ತಡೆಯುತ್ತದೆ. ಹಾಗಾಗಿ ತೊಗರಿಗೂ ಕಡಲೆಗೂ ಯೂರಿಯಾ ಮೇಲುಗೊಬ್ಬರ ಕೊಡುವುದೆಂದರೆ ಪುಕ್ಕಟೆ ಬರುವುದನ್ನು ನಿಲ್ಲಿಸಿ ಹಣ ಕೊಟ್ಟು ಕೊಂಡ ಹಾಗೆ. ಗಂಟು ಕಟ್ಟುವ ಮೊದಲಿನ ಎರಡು ಮೂರು ವಾರ ಗಿಡಕ್ಕೆ ಆಸರೆಯಾಗಿ ಎಕರೆಗೆ ಸುಮಾರು 10 ಕಿಲೋ ಸಾರಜನಕ ಸಾಕು. ಬಿತ್ತನೆಗೆ 50 ಕಿಲೋದ ಒಂದು ಚೀಲ ಡಿಎಪಿ ಕೊಟ್ಟರೆ ಅದರಲ್ಲೇ 9 ಕಿಲೋ ಸಾರಜನಕ ಬಂದುಬಿಡುತ್ತದೆ, ಜೊತೆಗೆ P2O5 ಲೆಕ್ಕದಲ್ಲಿ 23 ಕಿಲೋ ರಂಜಕವೂ ಸಿಗುತ್ತದೆ. ಗಂಟಿಗೆ ರಂಜಕ ಬೇಕೇ ಬೇಕು.

ಎರಡನೆಯದು ಮಣ್ಣಿನ ಹುಳಿ. ಮಲೆನಾಡು, ಕರಾವಳಿಗಳ ಹುಳಿಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾಗಳು ಬದುಕುವುದು ಕಷ್ಟ. ಮಾಲಿಬ್ಡಿನಂ ಕೂಡ ಅಲ್ಲಿ ಬೇರಿಗೆ ಎಟಕುವುದಿಲ್ಲ. ಅಂಥಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡಬೇಕು. ನೀರು ನಿಂತ ಹೊಲದಲ್ಲೂ ಗಂಟು ಉಸಿರುಗಟ್ಟುತ್ತದೆ.

ಮೂರನೆಯದು, ಆ ಬೆಳೆಗೆ ಒಗ್ಗುವ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿ ಇಲ್ಲದಿರುವುದು. ಕಲಬುರಗಿಯ ತೊಗರಿ ಹೊಲಗಳಲ್ಲಿ, ಚಳ್ಳಕೆರೆ ಪಾವಗಡಗಳ ಶೇಂಗಾ ಹೊಲಗಳಲ್ಲಿ ತಲೆಮಾರುಗಳಿಂದ ಆ ಬೆಳೆಗಳು ಬಂದಿವೆ. ತೊಗರಿ, ಶೇಂಗಾ, ಅಲಸಂದೆ, ಹುರುಳಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಳಗದ ಬ್ಯಾಕ್ಟೀರಿಯಾಗಳನ್ನು ಹಂಚಿಕೊಳ್ಳುತ್ತವೆ, ಮತ್ತು ಅವು ನಮ್ಮ ಮಣ್ಣಿನಲ್ಲಿ ಮೊದಲಿಂದ ಇವೆ. ಅಂಥಲ್ಲಿ ಪೊಟ್ಟಣದ ಬ್ಯಾಕ್ಟೀರಿಯಾ ತಂದು ಹಾಕಿದರೂ ಇಳುವರಿಯಲ್ಲಿ ಕೆಲವೊಮ್ಮೆ ದೊಡ್ಡ ವ್ಯತ್ಯಾಸ ಕಾಣದೆ ಹೋಗಬಹುದು. ಸೋಯಾ ಅವರೆಯ ಮಾತು ಬೇರೆ. ಬೀದರ್, ಬೆಳಗಾವಿ, ಧಾರವಾಡದ ಕಡೆ ಹಬ್ಬಿರುವ ಈ ಬೆಳೆ ಈ ನೆಲಕ್ಕೆ ಹೊಸದಾಗಿ ಬಂದದ್ದು. ಅದು ಬಯಸುವ ಬ್ರಾಡಿರೈಜೋಬಿಯಂ ಜಪಾನಿಕಂ ಎಂಬ ಜಾತಿ ನಮ್ಮ ಮಣ್ಣಿನಲ್ಲಿ ಮೊದಲಿರಲಿಲ್ಲ. ಕಡಲೆಯೂ ಹಾಗೆಯೇ, ತನ್ನದೇ ಜಾತಿಯನ್ನು ಕೇಳುವ ಬೆಳೆ. ಸೋಯಾ ಆಗಲಿ ಕಡಲೆಯಾಗಲಿ ಒಂದು ಹೊಲಕ್ಕೆ ಮೊದಲ ಸಲ ಹೋಗುತ್ತಿದೆ ಎಂದಾದರೆ ರೈಜೋಬಿಯಂ ಬೀಜೋಪಚಾರವನ್ನು ತಪ್ಪಿಸಲೇಬಾರದು. ಪೊಟ್ಟಣದ ಮೇಲೆ ಬೆಳೆಯ ಹೆಸರು ಬರೆದಿರುತ್ತದೆ. ಕಡಲೆಯದ್ದನ್ನು ಸೋಯಾಕ್ಕೆ ಹಚ್ಚಿದರೆ ಫಲವಿಲ್ಲ.

ಈ ಒಂದು ತಿಳಿವಳಿಕೆ ಒಂದು ದೇಶದ ಬೇಸಾಯವನ್ನೇ ತಿದ್ದಿದ ಉದಾಹರಣೆ ಬ್ರೆಜಿಲ್. ಅಲ್ಲಿ ಸೋಯಾ ಹಬ್ಬುತ್ತಿದ್ದ 1960ರ ದಶಕದಲ್ಲಿ, ಅಮೆರಿಕದ ಹಾಗೆ ನಾವೂ ಸಾರಜನಕ ಗೊಬ್ಬರ ಹಾಕಿ ಬೆಳೆಯೋಣ ಎನ್ನುವವರಿದ್ದರು. ಜೊಹಾನಾ ಡೊಬರೈನರ್ ಎಂಬ ಮಣ್ಣಿನ ವಿಜ್ಞಾನಿ ಅದಕ್ಕೆ ಒಪ್ಪಲಿಲ್ಲ. ಬ್ಯಾಕ್ಟೀರಿಯಾದಿಂದಲೇ ಸಾರಜನಕ ಪಡೆಯಬಲ್ಲ ತಳಿಗಳನ್ನು ಆರಿಸಬೇಕು, ಬೀಜಕ್ಕೆ ಒಳ್ಳೆಯ ಬ್ಯಾಕ್ಟೀರಿಯಾ ಹಚ್ಚಬೇಕು ಎಂದು ಪಟ್ಟು ಹಿಡಿದರು. ಇಂದು ಬ್ರೆಜಿಲ್ ಜಗತ್ತಿನಲ್ಲೇ ಅತಿ ಹೆಚ್ಚು ಸೋಯಾ ಬೆಳೆಯುವ ದೇಶಗಳಲ್ಲಿ ಒಂದು, ಮತ್ತು ಆ ಸೋಯಾ ಬಹುಪಾಲು ಸಾರಜನಕ ಗೊಬ್ಬರವಿಲ್ಲದೆಯೇ ಬೆಳೆಯುತ್ತದೆ. ಬಡದೇಶದ ವಿಜ್ಞಾನ ತನ್ನ ರೈತನ ಜೇಬನ್ನು ನೋಡಿ ದಾರಿ ಹುಡುಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಬೀಜೋಪಚಾರದ ಬಗ್ಗೆ ಒಂದಿಷ್ಟು ವಿವರ ಹೇಳುತ್ತೇನೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಪ್ಪು ಒಂದು ಚಮಚೆ ಸಾಕು, ಆದರೆ ಅದು ಜೀವಂತವಿರಬೇಕು, ಹಾಲು ಸುಡುತ್ತಿರಬಾರದು. ರೈಜೋಬಿಯಂ ಕೂಡ ಅಷ್ಟೇ. ಹತ್ತು ಕಿಲೋ ಬೀಜಕ್ಕೆ 200 ಗ್ರಾಂನ ಒಂದು ಪೊಟ್ಟಣ ಸಾಕು. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ತಣ್ಣಗಾಗಲು ಬಿಡಿ. ತಣ್ಣಗಾದ ಬೆಲ್ಲದ ನೀರಿಗೆ ಪೊಟ್ಟಣದ ಪುಡಿಯನ್ನು ಕಲಸಿ, ಬೀಜಕ್ಕೆ ತೆಳ್ಳಗೆ ಹತ್ತುವಂತೆ ಕೈಯಾಡಿಸಿ. ಶೇಂಗಾ ಮತ್ತು ಸೋಯಾ ಬೀಜದ ಸಿಪ್ಪೆ ನಾಜೂಕು, ಉಜ್ಜಬೇಡಿ. ನೆರಳಿನಲ್ಲಿ ಗೋಣಿಯ ಮೇಲೆ ಹರಡಿ ಆರಿಸಿ, ಅಂದೇ ಬಿತ್ತಿ. ಬಿಸಿಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದನ್ನು ಮೊದಲೇ ಮುಗಿಸಿ, ರೈಜೋಬಿಯಂ ಕೊನೆಗೆ ಹಚ್ಚಬೇಕು. ಯೂರಿಯಾ ಜೊತೆ ಅದನ್ನು ಬೆರೆಸಲೇಬಾರದು. ಒಣಗಿದ ನೆಲದಲ್ಲಿ ಬಿತ್ತಿ ಮಳೆಗಾಗಿ ವಾರಗಟ್ಟಲೆ ಕಾದರೂ ಅದು ಉಳಿಯುವುದಿಲ್ಲ. ಹದವಿದ್ದಾಗ ಬಿತ್ತಿದರೆ ಮಾತ್ರ ಪ್ರಯೋಜನ.

ಪೊಟ್ಟಣ ಕೊಳ್ಳುವಾಗ ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡನ್ನೂ ಓದಿ. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಅದರ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ, ದ್ರವರೂಪದ್ದಾದರೆ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿರಬೇಕು. ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬಿದ್ದಿದ್ದ ಪೊಟ್ಟಣದಲ್ಲಿ ಅಷ್ಟು ಉಳಿದಿರುತ್ತದೆಯೇ? ರೈತ ಹಚ್ಚಿದ, ಫಲ ಕಾಣಲಿಲ್ಲ, ಇದೆಲ್ಲ ಸುಳ್ಳು ಎಂದು ಬಿಟ್ಟ. ಎಷ್ಟೋ ಊರುಗಳಲ್ಲಿ ಆದದ್ದು ಇದೇ. ಮಾರುವವರಿಗೂ ಹಂಚುವವರಿಗೂ ನನ್ನ ಕಳಕಳಿಯ ವಿನಂತಿ ಒಂದಿದೆ. ತಂಪಿನಲ್ಲಿಡಲು ಜಾಗ ಮಾಡಿಕೊಂಡ ಮೇಲೆ ಇದನ್ನು ತರಿಸಿ. ಸತ್ತ ಬ್ಯಾಕ್ಟೀರಿಯಾ ಕೊಟ್ಟರೆ ರೈತನ ನಂಬಿಕೆಯೂ ಅದರ ಜೊತೆಗೇ ಸಾಯುತ್ತದೆ.

ಗಂಟು ಚೆನ್ನಾಗಿ ಕಟ್ಟಿದರೆ ಎಷ್ಟು ಸಾರಜನಕ ಸಿಗುತ್ತದೆ ಎಂದು ನೀವು ಕೇಳಬಹುದು. ಬೆಳೆ, ಮಣ್ಣು, ಮಳೆ ನೋಡಿಕೊಂಡು ಎಕರೆಗೆ ಸುಮಾರು 20ರಿಂದ 60 ಕಿಲೋ. ಅಂದರೆ ಒಂದರಿಂದ ಮೂರು ಚೀಲ ಯೂರಿಯಾದ ಸಮ. ಆದರೆ ಅದೆಲ್ಲ ಮಣ್ಣಿಗೆ ಸೇರುತ್ತದೆ ಎಂದು ತಿಳಿಯಬೇಡಿ. ಅದರಲ್ಲಿ ದೊಡ್ಡ ಪಾಲು ಕಾಳಿನ ಪ್ರೋಟೀನಾಗಿ ಹೊಲದಿಂದ ಆಚೆ ಹೋಗುತ್ತದೆ. ನಾವು ತಿನ್ನುವ ಬೇಳೆಯ ಸತ್ವ ಬಂದದ್ದು ಅಲ್ಲಿಂದಲೇ. ಮಣ್ಣಿಗೆ ಉಳಿಯುವುದು ಬೇರು, ಗಂಟು, ಉದುರಿದ ಎಲೆ. ತೊಗರಿ ಎಲೆ ಚೆನ್ನಾಗಿ ಉದುರಿಸುತ್ತದೆ, ಅದಕ್ಕೇ ಅದರ ಹಿಂದೆ ಬಂದ ಬೆಳೆಗೆ ಗುಣ ಕಾಣುತ್ತದೆ. ಶೇಂಗಾವನ್ನು ಬೇರುಸಹಿತ ಕಿತ್ತು, ಬಳ್ಳಿಯನ್ನೆಲ್ಲ ದನಕ್ಕೆ ಒಯ್ದರೆ ನೆಲಕ್ಕೆ ಉಳಿಯುವುದು ಕಡಿಮೆ. ಆಗ ಆ ದನದ ಸಗಣಿಯಾದರೂ ಕೊಟ್ಟಿಗೆ ಗೊಬ್ಬರವಾಗಿ ಅದೇ ಹೊಲಕ್ಕೆ ಬರಬೇಕು. ಸಾಧ್ಯವಿರುವ ಬೆಳೆಗಳಲ್ಲಿ ಬುಡ ಕೊಯ್ದು ಬೇರನ್ನು ನೆಲದಲ್ಲೇ ಬಿಡುವುದು ಲೇಸು.

ನಮ್ಮ ಹಳೆಯ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲು ಇಡುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಸಾಲುಗಳು, ಜೊತೆಗೆ ಹುಚ್ಚೆಳ್ಳು, ಜೋಳ. ಈಗ ಕಟಾವಿನ ಯಂತ್ರ ಬಂದ ಮೇಲೆ, ಕೂಲಿ ದುಬಾರಿಯಾದ ಮೇಲೆ, ಬರೀ ರಾಗಿಯ ಹೊಲಗಳೇ ಹೆಚ್ಚುತ್ತಿವೆ. ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅಕ್ಕಡಿ ಸಾಲು ಹೋದಾಗ ಹೊಲದಿಂದ ಹೋದದ್ದು ಸೊಗಡವರೆ ಮಾತ್ರವಲ್ಲ, ವರ್ಷ ವರ್ಷವೂ ಮಣ್ಣಿಗೆ ಬೀಳುತ್ತಿದ್ದ ಸಾರಜನಕವೂ ಹೋಯಿತು. ಸಾಲಿಡಲು ಆಗದವರು ಒಂದು ವರ್ಷ ರಾಗಿ, ಇನ್ನೊಂದು ವರ್ಷ ದ್ವಿದಳ ಎಂದು ಬೆಳೆ ಬದಲಿಸಬಹುದು. ಗದ್ದೆಯವರು ನಾಟಿಗೆ ಮೊದಲು ಸೆಣಬನ್ನೋ ಡಯಾಂಚವನ್ನೋ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉಳಬಹುದು. ಬದುವಿನ ಮೇಲಿನ ಹೊಂಗೆಯ ಬೇರಿನಲ್ಲೂ, ಗ್ಲಿರಿಸಿಡಿಯಾ ಬೇರಿನಲ್ಲೂ ಇದೇ ಗಂಟುಗಳಿವೆ. ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದ ಹಿರಿಯರು ಗಾಳಿಯ ಸಾರಜನಕವನ್ನೇ ಕೆಸರಿಗೆ ಸೇರಿಸುತ್ತಿದ್ದರು.

ಗದ್ದೆಗೆ ಇನ್ನೂ ಒಂದು ಭಾಗ್ಯವಿದೆ. ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ಕೂಡ ಬ್ಯಾಕ್ಟೀರಿಯಾವೇ, ಅದರ ಹಲವು ಜಾತಿಗಳು ಸಾರಜನಕ ಹಿಡಿಯುತ್ತವೆ. ಗೊಬ್ಬರವಿಲ್ಲದ ಗದ್ದೆಗಳೂ ಫಲವತ್ತಾಗಿ ಉಳಿಯುವುದು ಇದರಿಂದ ಎಂದು 1939ರಲ್ಲಿ ತೋರಿಸಿದವರು ನಮ್ಮ ದೇಶದವರೇ ಆದ ಪಿ.ಕೆ. ಡೇ. ಈಗ ಹೈನುಗಾರರು ಮೇವಿಗೆ ಬೆಳೆಸುವ ಅಜೋಲ್ಲಾದ ಎಲೆಯೊಳಗಿನ ಪುಟ್ಟ ಪೊಳ್ಳಿನಲ್ಲೂ ಇಂಥದೇ ಒಂದು ಜೀವಿ ಮನೆ ಮಾಡಿದೆ. ಅಜೋಲ್ಲಾದಲ್ಲಿ ಪ್ರೋಟೀನು ಹೆಚ್ಚಿರುವುದಕ್ಕೆ ಅದು ಕಾರಣ.

ಏಕದಳ ಬೆಳೆಗಳ ವಿಚಾರದಲ್ಲಿ ಮಾತ್ರ ಆಸೆಯನ್ನು ಅಳತೆಯಲ್ಲಿಟ್ಟುಕೊಳ್ಳಬೇಕು. ರಾಗಿ, ಜೋಳ, ಮೆಕ್ಕೆಜೋಳದ ಬೇರಿನ ಸುತ್ತ ಬದುಕುವ ಅಜೋಸ್ಪಿರಿಲಂ ಗಂಟು ಕಟ್ಟುವುದಿಲ್ಲ. ಅದು ಒಂದಿಷ್ಟು ಸಾರಜನಕ ಕೊಡುತ್ತದೆ, ಬೇರು ಹೆಚ್ಚು ಕವಲೊಡೆಯುವಂತೆ ಮಾಡುತ್ತದೆ. ಕಬ್ಬಿನ ಜಲ್ಲೆಯೊಳಗೇ ವಾಸಿಸಿ ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾವನ್ನು 1988ರಲ್ಲಿ ಡೊಬರೈನರ್ ಮತ್ತು ಸಂಗಡಿಗರು ಗುರುತಿಸಿದರು. ಇವು ಕೊಟ್ಟಿಗೆ ಗೊಬ್ಬರದ ಜೊತೆ ಸೇರಿ ಯೂರಿಯಾದ ಒಂದು ಪಾಲನ್ನು ಉಳಿಸಿಕೊಡಬಹುದು. ಪೂರ್ತಿ ಯೂರಿಯಾ ಬಿಟ್ಟು ಇದೊಂದನ್ನೇ ನಂಬಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗೋಧಿಗೂ ಭತ್ತಕ್ಕೂ ಗಂಟು ಕಟ್ಟುವ ಗುಣ ತರಲು ಜಗತ್ತಿನಾದ್ಯಂತ ಸಂಶೋಧನೆ ನಡೆದಿದೆ. ಅದು ಕೈಗೂಡುವವರೆಗೆ ನಮ್ಮ ಕೈಯಲ್ಲಿರುವುದು ದ್ವಿದಳ ಬೆಳೆಗಳು, ಹಸಿರೆಲೆ ಗೊಬ್ಬರ, ಬೆಳೆ ಬದಲಾವಣೆ.

ಆದ್ದರಿಂದ ಈ ಹಂಗಾಮಿನಲ್ಲಿ ನಾನು ನಿಮ್ಮನ್ನು ಕೇಳುವುದು ಒಂದೇ ಕೆಲಸ. ನಿಮ್ಮ ತೊಗರಿ, ಅಲಸಂದೆ, ಶೇಂಗಾ, ಸೋಯಾ, ಯಾವುದೇ ಇರಲಿ, ಹೂ ಬಿಡುವ ಹೊತ್ತಿಗೆ ನಾಲ್ಕು ಗಿಡ ಅಗೆದು ಗಂಟು ಸೀಳಿ ನೋಡಿ. ಶಾಲೆಗೆ ಹೋಗುವ ಮಕ್ಕಳಿಗೂ ತೋರಿಸಿ. ಶಿಕ್ಷಕರು ಕೇಳುತ್ತಿದ್ದರೆ, ಒಂದು ದಿನ ವಿಜ್ಞಾನದ ಪಾಠವನ್ನು ಪಕ್ಕದ ಹೊಲದಲ್ಲೇ ಮಾಡಿ. ಗಂಟು ಕೆಂಪಗಿದ್ದರೆ ಆ ಬೆಳೆಗೆ ಯೂರಿಯಾ ಕೊಳ್ಳಬೇಡಿ, ಆ ಹಣ ಉಳಿಯಲಿ. ಗಂಟಿಲ್ಲದಿದ್ದರೆ, ಬೆಳ್ಳಗಿದ್ದರೆ, ಆ ಗಿಡವನ್ನೂ ಒಂದು ಹಿಡಿ ಮಣ್ಣನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ಕಾರಣ ಕೇಳಿ. ಉತ್ತರ ಸಿಗುವವರೆಗೆ ಕೇಳಿ. ಏನು ಕೊಡಬೇಕು, ಏನು ಬೇಡ ಎಂಬುದನ್ನು ತನ್ನ ಬೆಳೆಯ ಬೇರನ್ನು ನೋಡಿ ನಿರ್ಧರಿಸುವ ರೈತನಿಗೆ ಯಾರೂ ಬೇಡದ್ದನ್ನು ಮಾರಲಾರರು.